ಬೈಪಾಸ್ ಕಲಿಸಿದ ಡಾಕ್ಟರ್, ಬಾಕಿ ಉಳಿಸಿಕೊಂಡ ಸರ್ಕಾರ

ನಮ್ಮ ನೆಂಟರಿಷ್ಟರಲ್ಲಿ ಒಬ್ಬರಿಗಾದರೂ ಬೈಪಾಸ್ ಆಗಿರುತ್ತೆ. ಆದರೆ ಆ ಆಪರೇಷನ್ ಅನ್ನು ಜಗತ್ತಿನ ಆಸ್ಪತ್ರೆಗಳಿಗೆ ರೂಢಿ ಮಾಡಿಸಿದ ರೆನೆ ಫವಲೋರೊ ಹೆಸರು ಕೇಳಿದವರು ಕಡಿಮೆ. ಅವರ ಕತೆಯಲ್ಲಿ ವೈದ್ಯಕೀಯ ಎಷ್ಟಿದೆಯೋ ರಾಜಕೀಯವೂ ಅಷ್ಟೇ ಇದೆ.

ಹುಟ್ಟಿದ್ದು 1923ರಲ್ಲಿ, ಅರ್ಜೆಂಟೀನಾದ ಲಾ ಪ್ಲಾಟಾ ನಗರದಲ್ಲಿ. ಅಪ್ಪ ಬಡಗಿ, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. 1949ರಲ್ಲಿ ಡಾಕ್ಟರಾದರು. ಆಸ್ಪತ್ರೆಯಲ್ಲಿ ಕೆಲಸವೂ ಸಿಗುವುದರಲ್ಲಿತ್ತು. ಷರತ್ತು ಒಂದೇ: ಅಧಿಕಾರದಲ್ಲಿದ್ದ ಪೆರೋನ್ ಪಕ್ಷದ ತತ್ವಗಳನ್ನು ಒಪ್ಪಿ ಸಹಿ ಹಾಕಬೇಕು. ಫವಲೋರೊ ಹಾಕಲಿಲ್ಲ. ಕೆಲಸ ಹೋಯ್ತು.

1950ರಲ್ಲಿ ಲಾ ಪಂಪಾ ಪ್ರಾಂತ್ಯದ ಹಸಿಂತೊ ಅರೌಸ್ ಎಂಬ ಹಳ್ಳಿಯ ವೈದ್ಯರು ಕಾಯಿಲೆ ಬಿದ್ದಿದ್ದರು. ಅವರ ಬದಲಿಗೆ ಸ್ವಲ್ಪ ದಿನಕ್ಕೆಂದು ಹೋದವರು 12 ವರ್ಷ ಉಳಿದುಬಿಟ್ಟರು. ಡಾಕ್ಟರೇ ಆಗಿದ್ದ ತಮ್ಮನೂ ಬಂದು ಸೇರಿಕೊಂಡ. ಇಬ್ಬರೂ ಸೇರಿ ಆಪರೇಷನ್ ಕೋಣೆ ಕಟ್ಟಿದರು, ಎಕ್ಸ್‌ರೇ ತರಿಸಿದರು, ನರ್ಸ್‌ಗಳನ್ನು ತಯಾರು ಮಾಡಿದರು. ರಕ್ತ ಬೇಕಾದಾಗ ಕರೆದ ತಕ್ಷಣ ಬಂದು ಕೊಡುವವರ ಪಟ್ಟಿಯನ್ನು ಹಳ್ಳಿಯವರಿಂದಲೇ ಮಾಡಿಕೊಂಡರು.

1962ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಹೋದಾಗ ವಯಸ್ಸು ನಲವತ್ತರ ಹತ್ತಿರ. ಅಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಹೃದಯದ ರಕ್ತನಾಳಗಳನ್ನು ಎಕ್ಸ್‌ರೇ ಫಿಲ್ಮಿನಲ್ಲಿ ತೋರಿಸುವ ವಿಧಾನ ಕಂಡುಹಿಡಿದಿದ್ದರು. ಫವಲೋರೊ ಗಂಟೆಗಟ್ಟಲೆ ಕೂತು ಆ ಫಿಲ್ಮುಗಳನ್ನು ನೋಡುತ್ತಿದ್ದರು. ಎಲ್ಲಿ ಕಟ್ಟಿಕೊಂಡಿದೆ ಅಂತ ಗೊತ್ತಾದ ಮೇಲೆ, ಸುತ್ತುದಾರಿ ಯಾಕೆ ಮಾಡಬಾರದು? 1967ರ ಮೇ ತಿಂಗಳಲ್ಲಿ 51 ವರ್ಷದ ಮಹಿಳೆಯೊಬ್ಬರ ಕಾಲಿನ ರಕ್ತನಾಳದ ತುಂಡನ್ನು ತೆಗೆದು ಹೃದಯಕ್ಕೆ ಜೋಡಿಸಿದರು. ಊರೊಳಗೆ ಜಾಮ್ ಆದರೆ ಹೊರಗಿಂದ ರಸ್ತೆ ಹಾಕ್ತೀವಲ್ಲ, ಲೆಕ್ಕ ಅದೇ. ಇಂಥ ಪ್ರಯತ್ನ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಆದರೆ ಅದನ್ನು ಒಂದು ಕ್ರಮಕ್ಕೆ ತಂದು, ಎಲ್ಲ ಕಡೆ ಮಾಡಬಹುದು ಅಂತ ತೋರಿಸಿಕೊಟ್ಟವರು ಇವರು. ಹೊಗಳಿದರೆ, ನಾನು ಅನ್ನದೆ ನಾವು ಅನ್ನುತ್ತಿದ್ದರು.

ಅಲ್ಲೇ ಉಳಿದಿದ್ದರೆ ಹಣ, ಹೆಸರು ಎರಡೂ ಇತ್ತು. 1971ರಲ್ಲಿ ವಾಪಸ್ ಬಂದರು. 1975ರಲ್ಲಿ ಫವಲೋರೊ ಫೌಂಡೇಶನ್ ಶುರು ಮಾಡಿದರು. ಚಿಕಿತ್ಸೆ, ಸಂಶೋಧನೆ, ತರಬೇತಿ ಎಲ್ಲ ಒಂದೇ ಕಡೆ. ಕಾಸಿಲ್ಲದವರನ್ನೂ ವಾಪಸ್ ಕಳಿಸಬಾರದು ಅನ್ನೋದು ಅವರ ಹಟ.

ಆ ಹಟಕ್ಕೆ ಬೆಲೆ ತೆರಬೇಕಾಯ್ತು. ದೇಶದ ಆರ್ಥಿಕತೆ ಕುಸಿಯುತ್ತಿದ್ದಾಗ ಫೌಂಡೇಶನ್ ಸಾಲದಲ್ಲಿ ಮುಳುಗಿತು. ಪಿಂಚಣಿದಾರರ ಸರ್ಕಾರಿ ಆರೋಗ್ಯ ವಿಮೆ ಸಂಸ್ಥೆಯೇ ದೊಡ್ಡ ಬಾಕಿ ಉಳಿಸಿಕೊಂಡಿತ್ತು. ಅಧ್ಯಕ್ಷರವರೆಗೂ ಪತ್ರ ಬರೆದು ನೆರವು ಕೇಳಿದರು. 2000ನೇ ಇಸವಿಯ ಜುಲೈ 29ರಂದು, 77ನೇ ವಯಸ್ಸಿನಲ್ಲಿ, ಫವಲೋರೊ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ದೇಶವೇ ಕಣ್ಣೀರಿಟ್ಟಿತು.

ಒಂದು ಸಾವಿಗೆ ಒಂದೇ ಕಾರಣ ಹುಡುಕೋದು ತಪ್ಪು. ಆದರೆ ಬಾಕಿ ಬಿಲ್ಲುಗಳ ವಿಷಯದಲ್ಲಿ ಗೊಂದಲವಿಲ್ಲ. ಬಡವರ ಚಿಕಿತ್ಸೆಯ ಹೊಣೆಯನ್ನು ಒಬ್ಬ ಒಳ್ಳೆಯ ಮನುಷ್ಯನ ಹೆಗಲಿಗೆ ಹಾಕಿ ಸರ್ಕಾರ ಸುಮ್ಮನಿರಬಾರದು. ಉಚಿತ ಚಿಕಿತ್ಸೆ ಅಂತ ಯಾರಾದರೂ ಘೋಷಿಸಿದಾಗ ಚಪ್ಪಾಳೆಗೆ ಮುಂಚೆ ನಾವು ಕೇಳಬೇಕಾದ್ದು ಇಷ್ಟೇ: ಬಿಲ್ ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ?