ಗ್ಯಾರಿ ಕಿಲ್ಡಾಲ್

ಪುತ್ತೂರಿನ ಸಂತೆಯಲ್ಲಿ ಹವ್ಯಕ ಕನ್ನಡದವರು, ಸುಳ್ಯದ ಕಡೆಯ ಅರೆಭಾಷೆಯವರು, ಕಡಬದ ಮಲೆಯಾಳಿಗಳು, ಬ್ಯಾರಿ ಹಾಗೂ ಕೊಂಕಣಿ ಮನೆಮಾತಿನವರು ಒಂದೆಡೆ ಕೂಡುತ್ತಾರೆ. ಒಬ್ಬರ ಮನೆಮಾತು ಎಷ್ಟೋ ವೇಳೆ ಇನ್ನೊಬ್ಬರಿಗೆ ತಿಳಿಯದು. ಆದರೂ ಅಡಿಕೆಯ ಧಾರಣೆ, ತೆಂಗಿನಕಾಯಿಯ ಬೆಲೆಗಳು ತುಳುವಿನಲ್ಲಿ ಸಲೀಸಾಗಿ ಇತ್ಯರ್ಥವಾಗುತ್ತವೆ. ವ್ಯಾಪಾರಕ್ಕೆಂದು ಯಾರೂ ತಮ್ಮ ಮನೆಮಾತನ್ನು ತೊರೆಯಬೇಕಾಗಿಲ್ಲ. ಒಂದಕ್ಕೊಂದು ಹೊಂದದ ಸಣ್ಣ ಗಣಕಯಂತ್ರಗಳ ಲೋಕಕ್ಕೆ ಇಂತಹ ನಡುಭಾಷೆಯೊಂದನ್ನು ಒದಗಿಸಿದವನು ಅಮೆರಿಕದ ಗ್ಯಾರಿ ಕಿಲ್ಡಾಲ್.

ಕಿಲ್ಡಾಲನು 1942ನೆಯ ಇಸವಿಯ ಮೇ 19ರಂದು ಸಿಯಾಟಲ್ ನಗರದಲ್ಲಿ ಜನಿಸಿದನು. ಅವನದು ನೌಕಾಯಾನವನ್ನೇ ವೃತ್ತಿಯಾಗಿ ಉಳ್ಳ ಮನೆತನ. ಅಜ್ಜನು ಸ್ಥಾಪಿಸಿದ್ದ ನೌಕಾವಿದ್ಯಾಶಾಲೆಯಲ್ಲಿ ತಂದೆಯೂ ಬೋಧಿಸುತ್ತಿದ್ದನು. ತರುಣ ಗ್ಯಾರಿಯೂ ಕೆಲಕಾಲ ಅಲ್ಲಿ ಪಾಠ ಹೇಳಿದನು. ಗಣಿತದ ಉಪಾಧ್ಯಾಯನಾಗಬೇಕೆಂಬ ಬಯಕೆಯಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ಅವನನ್ನು ಗಣಕಯಂತ್ರವು ತನ್ನತ್ತ ಸೆಳೆಯಿತು. 1972ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಅಷ್ಟರಲ್ಲಾಗಲೇ ಅವನು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದನು.

ಆ ಕಾಲದಲ್ಲಿ ಗಣಕಯಂತ್ರವೆಂದರೆ ಕೋಣೆಯನ್ನೇ ತುಂಬುವ, ದೊಡ್ಡ ಸಂಸ್ಥೆಗಳಿಗೆ ಮಾತ್ರ ನಿಲುಕುವ ಯಂತ್ರ. ಇಂಟೆಲ್ ಕಂಪನಿಯು ಉಗುರಿನಗಲದ ಚಿಪ್ಪಿನಲ್ಲಿ ಗಣನೆಯ ಶಕ್ತಿಯನ್ನು ಅಡಗಿಸಿದಾಗ, ಅದು ಪೂರ್ಣ ಗಣಕಯಂತ್ರದ ಹೃದಯವಾಗಬಲ್ಲುದೆಂದು ಬೇಗನೆ ಗ್ರಹಿಸಿದ ಕೆಲವರಲ್ಲಿ ಕಿಲ್ಡಾಲನೂ ಒಬ್ಬನು. ಅವನು ಇಂಟೆಲ್‌ಗೆ ಸಲಹೆಗಾರನಾಗಿ 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನು ರಚಿಸಿದನು. ಮರುವರ್ಷ, ಮಿತ್ರ ಜಾನ್ ಟೊರೋಡಿಯು ಜೋಡಿಸಿಕೊಟ್ಟ ಫ್ಲಾಪಿ ಡಿಸ್ಕಿನ ಸಾಧನವನ್ನು ಆಳಲು ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದನು. ಇಂಟೆಲ್ ಭಾಷೆಯನ್ನು ಕೊಂಡಿತು, ವ್ಯವಸ್ಥೆಯನ್ನು ಬೇಡವೆಂದಿತು. ಕಿಲ್ಡಾಲನೂ ಅವನ ಪತ್ನಿ ಡೊರೊತಿಯೂ ಸೇರಿ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಡಿಜಿಟಲ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ ಅದನ್ನು ತಾವೇ ಮಾರತೊಡಗಿದರು.

ಯಂತ್ರದಿಂದ ಯಂತ್ರಕ್ಕೆ ಡಿಸ್ಕಿನ ಸಾಧನ ಬೇರೆ, ಕೀಲಿಮಣೆ ಬೇರೆ, ತೆರೆ ಬೇರೆ. ಪ್ರತಿಯೊಂದಕ್ಕೂ ಇಡೀ ವ್ಯವಸ್ಥೆಯನ್ನು ತಿದ್ದಿ ಬರೆದು ಬೇಸತ್ತ ಕಿಲ್ಡಾಲನು, ಯಂತ್ರದ ವೈಶಿಷ್ಟ್ಯಕ್ಕೆ ಸಂಬಂಧಿಸಿದ ಭಾಗವನ್ನೆಲ್ಲ ಬೇರ್ಪಡಿಸಿ ಒಂದೆಡೆ ಇಟ್ಟು ಅದಕ್ಕೆ ಬಯೋಸ್ ಎಂದು ಹೆಸರಿಟ್ಟನು. ಹೊಸ ಯಂತ್ರ ಬಂದಾಗ ಆ ಸಣ್ಣ ಭಾಗವನ್ನಷ್ಟೇ ಬರೆದರೆ ಸಾಕು. ಉಳಿದುದೆಲ್ಲವೂ ಇದ್ದಂತೆಯೇ ನಡೆಯುತ್ತಿತ್ತು. ಆ ಹೆಸರು ಮುಂದಿನ ತಲೆಮಾರುಗಳ ಯಂತ್ರಗಳಲ್ಲಿಯೂ ಉಳಿಯಿತು.

ಸ್ಮೃತಿಕೋಶದ, ಎಂದರೆ ಮೆಮೊರಿಯ ವಿಷಯದಲ್ಲಿ ಅವನು ತೋರಿದ ಜಾಣ್ಮೆ ಇನ್ನೂ ಸೂಕ್ಷ್ಮವಾದುದು. 1975ರಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಯಂತ್ರದೊಡನೆ ದೊರೆಯುತ್ತಿದ್ದುದು ಬರಿಯ 256 ಬೈಟುಗಳ ಮೆಮೊರಿ. ಕೊಂಡವರು ಹಣವೊದಗಿದಂತೆ ಒಂದೊಂದೇ ಹಲಗೆಯನ್ನು ಸೇರಿಸಿ ಅದನ್ನು ಹಿಗ್ಗಿಸಿಕೊಳ್ಳುತ್ತಿದ್ದರು. ಸಿಪಿ/ಎಂ 16 ಕಿಲೋಬೈಟು ಇದ್ದ ಯಂತ್ರದಲ್ಲಿಯೂ ನಡೆಯಬೇಕು, 64 ಇದ್ದುದರಲ್ಲಿಯೂ ನಡೆಯಬೇಕು. ಎರಡರಲ್ಲಿಯೂ ಜನರ ಕ್ರಮವಿಧಿಗಳು ಬದಲಾಗಕೂಡದು. ಇದಕ್ಕಾಗಿ ಕಿಲ್ಡಾಲನು ಕ್ರಮವಿಧಿಗಳನ್ನೆಲ್ಲ ಮೆಮೊರಿಯ ತಳದಲ್ಲಿ, 256ನೆಯ ಸ್ಥಾನದಿಂದ ಆರಂಭಿಸಿದನು. ತನ್ನ ವ್ಯವಸ್ಥೆಯನ್ನು ತುತ್ತತುದಿಯಲ್ಲಿ ಕೂರಿಸಿದನು. ವ್ಯವಸ್ಥೆ ಎಲ್ಲಿ ಕುಳಿತಿದೆಯೆಂಬ ಸೂಚನೆಯನ್ನು ತಳದಲ್ಲಿಯೇ ಗೊತ್ತಾದ ಒಂದು ಸ್ಥಾನದಲ್ಲಿ ಬರೆದಿಟ್ಟನು. ಅದನ್ನು ಓದಿದ ಯಾವ ಕ್ರಮವಿಧಿಯೂ ತನಗೆ ದೊರೆಯುವ ಜಾಗವೆಷ್ಟೆಂದು ಅರಿಯಬಲ್ಲುದಾಗಿತ್ತು.

ಆದರೆ ಹೊಸ ಹಲಗೆಯನ್ನು ಸಿಕ್ಕಿಸಿದ ಮಾತ್ರಕ್ಕೆ ಮೆಮೊರಿ ಬಳಕೆಗೆ ಬರುತ್ತಿರಲಿಲ್ಲ. ಮನೆಗೆ ಇನ್ನೊಂದು ಉಪ್ಪರಿಗೆಯನ್ನು ಕಟ್ಟಿಸಿದ ಮೇಲೆ ಹಳೆಯ ಅಟ್ಟವನ್ನು ಮೇಲಕ್ಕೆ ಸಾಗಿಸದಿದ್ದರೆ ಕೆಳಗಿನ ಜಾಗ ಹೆಚ್ಚುವುದಾದರೂ ಹೇಗೆ? ವ್ಯವಸ್ಥೆಯು ಹಳೆಯ ತುದಿಯಲ್ಲಿಯೇ ಕುಳಿತು, ಅದರಾಚೆಗಿನ ಮೆಮೊರಿಯನ್ನು ಇಲ್ಲವೆಂದೇ ಭಾವಿಸುತ್ತಿತ್ತು. ಈ ತೊಡಕಿಗೆ ಪರಿಹಾರವಾಗಿ ಮೂವ್‌ಸಿಪಿಎಂ ಎಂಬ ಉಪಕರಣವನ್ನು ವ್ಯವಸ್ಥೆಯೊಡನೆಯೇ ಕೊಡಲಾಗುತ್ತಿತ್ತು. ಮೆಮೊರಿಯ ಹೊಸ ಅಳತೆಯನ್ನು ಹೇಳಿದರೆ ಅದು ವ್ಯವಸ್ಥೆಯ ಹೊಸ ಪ್ರತಿಯನ್ನು ಮೇಲಿನ ಜಾಗಕ್ಕೆ ತಕ್ಕಂತೆ ಸಿದ್ಧಪಡಿಸುತ್ತಿತ್ತು. ಅದನ್ನು ಡಿಸ್ಕಿಗೆ ಬರೆದು ಯಂತ್ರವನ್ನು ಮತ್ತೆ ಆರಂಭಿಸಿದರೆ ಕೆಲಸ ಮುಗಿಯಿತು.

64 ಕಿಲೋಬೈಟುಗಳ ಮೇರೆಯನ್ನು ದಾಟುವುದು ಮಾತ್ರ ಸುಲಭವಾಗಿರಲಿಲ್ಲ. ಇಂಟೆಲ್ 8080 ಚಿಪ್ಪಿನಿಂದ ಮೆಮೊರಿಯ ವಿಳಾಸವನ್ನು ಒಯ್ಯುವ ತಂತಿಗಳು 16. ಒಂದೊಂದು ತಂತಿಗೆ ಎರಡೇ ಸ್ಥಿತಿ; ಹದಿನಾರಕ್ಕೆ 65,536 ವಿಳಾಸಗಳು. ಅದರಾಚೆಗಿನ ಕೋಣೆಗೆ ಬಾಗಿಲ ಸಂಖ್ಯೆಯೇ ಇಲ್ಲ. 1983ರ ಸಿಪಿ/ಎಂ ಪ್ಲಸ್ ಒಂದೇ ಬಾಗಿಲ ಸಂಖ್ಯೆಯ ಹಿಂದೆ ಸರದಿಯಂತೆ ಬೇರೆ ಬೇರೆ ಕೋಣೆಗಳನ್ನು ತಂದು ನಿಲ್ಲಿಸುವ ಉಪಾಯವನ್ನು ಅಳವಡಿಸಿಕೊಂಡಿತಾದರೂ ಕಾಲ ಆಗಲೇ ಮುಂದೆ ಸಾಗಿತ್ತು. ಇಂತಹ ಮೇರೆ ಆ ಯುಗಕ್ಕೇ ಮುಗಿದುಹೋದುದಲ್ಲ. ಸುಳ್ಯದಲ್ಲಾಗಲಿ ಕಡಬದಲ್ಲಾಗಲಿ ಹಳೆಯ ಗಣಕಯಂತ್ರವೊಂದಕ್ಕೆ 8 ಗಿಗಾಬೈಟು ಮೆಮೊರಿಯನ್ನು ಹಾಕಿಸಿ, ಒಳಗೆ ಮನೆಬಳಕೆಯ 32 ಬಿಟ್ಟಿನ ವಿಂಡೋಸನ್ನೇ ಉಳಿಸಿಕೊಂಡವರು 4 ಗಿಗಾಬೈಟಿಗೆ ಮೀರಿ ಏನನ್ನೂ ಪಡೆಯಲಾರರು. ಕೊಟ್ಟ ಹಣದ ಅರ್ಧಭಾಗ ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತಿರುತ್ತದೆ.

1980ರಲ್ಲಿ ಐಬಿಎಂ ಸಂಸ್ಥೆಯು ತಾನು ರಹಸ್ಯವಾಗಿ ತಯಾರಿಸುತ್ತಿದ್ದ ಸಣ್ಣ ಗಣಕಯಂತ್ರಕ್ಕೆ ವ್ಯವಸ್ಥೆಯನ್ನು ಅರಸುತ್ತ ಪೆಸಿಫಿಕ್ ಗ್ರೋವಿಗೆ ಬಂದಿತು. ಆ ಬೆಳಗ್ಗೆ ಕಿಲ್ಡಾಲನು ತನ್ನ ಪುಟ್ಟ ವಿಮಾನದಲ್ಲಿ ಹೊರಗೆ ಹೋಗಿದ್ದನು. ಅವನು ವಿಹಾರಕ್ಕೆ ಹೋಗಿ ಭಾಗ್ಯವನ್ನು ಕಳೆದುಕೊಂಡನೆಂಬ ಕಥೆ ಬಹುಕಾಲ ಹಬ್ಬಿತು. ಅದು ಅನ್ಯಾಯದ ಮಾತು, ಏಕೆಂದರೆ ಅವನು ಹೋದದ್ದು ವ್ಯವಹಾರದ ಕೆಲಸಕ್ಕೆ. ಹೇಗೂ ಒಪ್ಪಂದ ಕೂಡಿಬರಲಿಲ್ಲ. ಸಿಯಾಟಲಿನ ಸಣ್ಣ ಕಂಪನಿಯೊಂದರಲ್ಲಿದ್ದ ಟಿಮ್ ಪ್ಯಾಟರ್ಸನ್ ಎಂಬ ತರುಣನು, ಸಿಪಿ/ಎಂ ಕ್ರಮವಿಧಿಗಳನ್ನು ಸುಲಭವಾಗಿ ಹೊಸ ಚಿಪ್ಪಿಗೆ ಒಯ್ಯಲು ಬರುವಂತೆ ಅದರ ಕರೆಗಳನ್ನೇ ಅನುಸರಿಸಿ ಬೇರೊಂದು ವ್ಯವಸ್ಥೆಯನ್ನು ಬರೆದಿದ್ದನು. ಮೈಕ್ರೋಸಾಫ್ಟ್ ಅದನ್ನು ಕೊಂಡು ಐಬಿಎಂಗೆ ಒದಗಿಸಿತು. ಅದರಲ್ಲಿಯೂ ಸಣ್ಣ ಕ್ರಮವಿಧಿಗಳು 256ನೆಯ ಸ್ಥಾನದಿಂದಲೇ ಆರಂಭವಾಗುತ್ತಿದ್ದವು. ಜನರ ಹಳೆಯ ದುಡಿಮೆ ವ್ಯರ್ಥವಾಗದಿರಲೆಂದು ಕಿಲ್ಡಾಲನು ಇರಿಸಿದ್ದ ಮೆಟ್ಟಿಲನ್ನೇ ಏರಿ ಪ್ರತಿಸ್ಪರ್ಧಿಯು ಅವನ ಅಂಗಳಕ್ಕೆ ಇಳಿದಂತಾಯಿತು.

1981ರ ಆಗಸ್ಟ್ 12ರಂದು ಹೊರಬಂದ ಐಬಿಎಂ ಯಂತ್ರದಲ್ಲಿ ವಿಳಾಸದ ತಂತಿಗಳು 20. ಮೇರೆ ಒಂದು ಮೆಗಾಬೈಟು. ಅದರಲ್ಲಿ ಕ್ರಮವಿಧಿಗಳಿಗೆಂದು ಬಿಟ್ಟುದು 640 ಕಿಲೋಬೈಟು. ಹಳೆಯ ಗೋಡೆ ಬಿದ್ದಿತು, ಸ್ವಲ್ಪ ದೂರದಲ್ಲಿ ಹೊಸದೊಂದು ಎದ್ದಿತು. ಕಿಲ್ಡಾಲನು ಪ್ರತಿಭಟಿಸಿದಾಗ ಐಬಿಎಂ ಅವನ ಸಿಪಿ/ಎಂ-86 ವ್ಯವಸ್ಥೆಯನ್ನೂ ಮಾರಲು ಒಪ್ಪಿತು. ಆದರೆ ಇದಕ್ಕೆ 240 ಡಾಲರು, ಮೈಕ್ರೋಸಾಫ್ಟಿನದಕ್ಕೆ 40 ಡಾಲರು ಬೆಲೆಯನ್ನಿಟ್ಟಿತು. ಕೊಳ್ಳುವವರು ಯಾವುದನ್ನು ಆರಿಸಿದರೆಂದು ಹೇಳಬೇಕಾಗಿಲ್ಲ.

ಅವನು ಸುಮ್ಮನೆ ಕೂರುವವನಲ್ಲ. ಗ್ರೋಲಿಯರ್ ವಿಶ್ವಕೋಶವನ್ನು ಒಂದೇ ಸಿಡಿ ತಟ್ಟೆಗೆ ಇಳಿಸಿದ ಕಾರ್ಯ ಅವನ ಮತ್ತೊಂದು ಸಂಸ್ಥೆಯದು. ಗಣಕಯಂತ್ರಗಳನ್ನು ಕುರಿತ ದೂರದರ್ಶನ ಕಾರ್ಯಕ್ರಮವೊಂದನ್ನು ಅವನು 1983ರಿಂದ ಹಲವು ವರ್ಷ ಸಹನಿರೂಪಕನಾಗಿ ನಡೆಸಿಕೊಟ್ಟನು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಕಂಪನಿಯ ಪಾಲಾಯಿತು. ಕೊನೆಯ ವರ್ಷಗಳು ಅವನಿಗೆ ಸುಖದವಾಗಿರಲಿಲ್ಲ. ತಲೆಗೆ ಪೆಟ್ಟಾಗಿ 1994ರ ಜುಲೈ 11ರಂದು, 52ನೆಯ ವಯಸ್ಸಿನಲ್ಲಿ, ಮಾಂಟೆರೆಯಲ್ಲಿ ಮೃತನಾದನು. ಹುಟ್ಟಿದೂರಾದ ಸಿಯಾಟಲಿನಲ್ಲಿ ಅವನ ಸಮಾಧಿಯಿದೆ.

2014ರಲ್ಲಿ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು ಸಿಪಿ/ಎಂ ನೆನಪಿಗಾಗಿ ಪೆಸಿಫಿಕ್ ಗ್ರೋವಿನಲ್ಲಿ ಫಲಕವೊಂದನ್ನು ಇರಿಸಿತು. ಡಿಜಿಟಲ್ ರಿಸರ್ಚಿನ ಕಚೇರಿ ಇದ್ದ, ಲೈಟ್‌ಹೌಸ್ ಅವೆನ್ಯೂವಿನ 801ನೆಯ ಸಂಖ್ಯೆಯ ಹಳೆಯ ಮನೆಯ ಎದುರಿಗೆ ಅದು ಇದೆ.