ಕೇಳಿ ಶ್ರುತವನ್ನು ಉಳಿಸಿದ ಆಚಾರ್ಯ ಪುಷ್ಪದಂತರು

ಹೊನ್ನಾಳಿಯಿಂದ ಪಶ್ಚಿಮಕ್ಕೆ ಶಿಕಾರಿಪುರ, ಸೊರಬದ ಸೀಮೆ ದಾಟಿದರೆ ವರದಾ ನದಿಯ ದಡದಲ್ಲಿ ಬನವಾಸಿ ಸಿಗುತ್ತದೆ. ಬನವಾಸಿ ಎಂದೊಡನೆ ಕದಂಬರು ಮತ್ತು ಆದಿಕವಿ ಪಂಪ ನೆನಪಾಗುತ್ತಾರೆ. ಕದಂಬರಿಗಿಂತ ಮೊದಲೇ ಈ ಊರಿಗೆ ಒಬ್ಬ ದಿಗಂಬರ ಮುನಿಗಳು ಬಂದಿದ್ದರು. ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿದ ಪೂಜ್ಯ ಆಚಾರ್ಯ ಪುಷ್ಪದಂತರೇ ಅವರು. ಒಂಬತ್ತನೆಯ ತೀರ್ಥಂಕರರಾದ ಪುಷ್ಪದಂತ ಸ್ವಾಮಿಯೂ, ರಾಷ್ಟ್ರಕೂಟರ ಕಾಲದ ಅಪಭ್ರಂಶ ಕವಿ ಪುಷ್ಪದಂತನೂ ಬೇರೆ. ಈ ಆಚಾರ್ಯರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 1–2ನೆಯ ಶತಮಾನವೆಂದು ಎಣಿಸುತ್ತಾರೆ. ಇವರ ಚರಿತ್ರೆ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿಯೂ ಇಂದ್ರನಂದಿಯ ಶ್ರುತಾವತಾರದಲ್ಲಿಯೂ ದೊರೆಯುತ್ತದೆ.

ಗಿರಿನಗರದಿಂದ ಬಂದ ಕರೆ

ಭಗವಾನ್ ಮಹಾವೀರರ ದಿವ್ಯಧ್ವನಿಯನ್ನು ಗೌತಮ ಗಣಧರರು ಕೇಳಿದರು. ಅವರಿಂದ ಮುಂದಿನವರು ಕೇಳಿದರು. ಹೀಗೆ ಕೇಳಿ ಬಂದದ್ದರಿಂದಲೇ ಆ ಜ್ಞಾನಕ್ಕೆ ಶ್ರುತ ಎಂಬ ಹೆಸರು. ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ ಒಬ್ಬ ಗುರು ಅಗಲಿದರೆ, ಅವರಿಂದ ಕೇಳಿದವರಿಲ್ಲದಿದ್ದರೆ, ಅಷ್ಟು ಶ್ರುತ ಲೋಪವಾದಂತೆಯೇ. ನಿರ್ವಾಣದ ನಂತರ ಆರು ಶತಮಾನಗಳು ಕಳೆಯುವ ಹೊತ್ತಿಗೆ ಅಂಗ-ಪೂರ್ವಗಳ ಅಲ್ಪಭಾಗವಷ್ಟೇ ಉಳಿದಿತ್ತು.

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ಇದೇ ಚಿಂತೆ. ಮಹಾಕರ್ಮಪ್ರಕೃತಿ ಪ್ರಾಭೃತವನ್ನು ಬಲ್ಲ ಅವರಿಗೆ ವಯಸ್ಸಾಗಿತ್ತು. ಮಹಿಮಾ ನಗರದಲ್ಲಿ ಸೇರಿದ್ದ ದಕ್ಷಿಣಾಪಥದ ಆಚಾರ್ಯರಿಗೆ ಅವರು ಪತ್ರ ಕಳುಹಿಸಿದರು. ಕೇಳಿದ್ದನ್ನು ಗ್ರಹಿಸಿ ಧರಿಸಬಲ್ಲ ಇಬ್ಬರು ಮುನಿಗಳನ್ನು ಸಂಘ ಆರಿಸಿ, ಆಂಧ್ರದ ವೇಣಾ ನದಿಯ ತೀರದಿಂದ ಕಳುಹಿಸಿಕೊಟ್ಟಿತು. ಅವರಿಬ್ಬರೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾದರು. ದೂರದಿಂದ ನಡೆದು ಬಂದರೂ ಅವರು ಬಂದ ಕೂಡಲೇ ಮಾತಿಗೆ ತೊಡಗಲಿಲ್ಲ. ವಂದಿಸಿ ಎರಡು ದಿನ ಕಳೆದ ಮೇಲೆ, ಮೂರನೆಯ ದಿನ ವಿನಯದಿಂದ ಬಂದ ಕಾರ್ಯವನ್ನು ಅರಿಕೆ ಮಾಡಿಕೊಂಡರು.

ಒಂದು ಅಕ್ಷರದ ಪರೀಕ್ಷೆ

ಧರಸೇನರು ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟು, ಎರಡು ದಿನ ಉಪವಾಸವಿದ್ದು ಸಾಧಿಸುವಂತೆ ಹೇಳಿದರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಕಡಿಮೆಯಿತ್ತು. ಸಾಧನೆಯ ಕೊನೆಗೆ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು.

ಮುನಿಗಳು ಹೆದರಲಿಲ್ಲ, ಗುರುಗಳ ಬಳಿಗೆ ಓಡಿ ದೂರಲೂ ಇಲ್ಲ. ದೇವತೆಗಳಿಗೆ ಅಂಗವಿಕಾರ ಇರುವುದಿಲ್ಲ, ಹಾಗಾದರೆ ದೋಷ ಮಂತ್ರದಲ್ಲಿರಬೇಕೆಂದು ಯೋಚಿಸಿದರು. ಮಂತ್ರವ್ಯಾಕರಣದಿಂದ ಅಕ್ಷರಗಳನ್ನು ಸರಿಪಡಿಸಿ ಮತ್ತೆ ಜಪಿಸಿದಾಗ ದೇವತೆಗಳು ಸಹಜ ರೂಪದಲ್ಲಿ ತೋರಿದರು. ಆ ಮೇಲೆಯೇ ಗುರುಗಳಿಗೆ ನಡೆದುದನ್ನು ನಿವೇದಿಸಿದರು. ಒಂದಕ್ಷರದ ವ್ಯತ್ಯಾಸವನ್ನೂ ಗುರುತಿಸಬಲ್ಲವರಿಗೆ ಶ್ರುತವನ್ನು ಒಪ್ಪಿಸಬಹುದೆಂದು ಧರಸೇನರಿಗೆ ನಂಬಿಕೆ ಬಂತು.

ಶುಭದಿನದಲ್ಲಿ ಆರಂಭವಾದ ಉಪದೇಶ ಆಷಾಢ ಶುಕ್ಲ ಏಕಾದಶಿಯಂದು ಪೂರ್ಣವಾಯಿತು. ಆಗ ಭೂತದೇವತೆಗಳು ಒಬ್ಬರನ್ನು ಬಲಿಪುಷ್ಪಗಳಿಂದ ಪೂಜಿಸಿದವು, ಇನ್ನೊಬ್ಬರ ಓರೆಯಾದ ಹಲ್ಲುಗಳನ್ನು ಸಮಮಾಡಿದವು. ಇದರಿಂದ ಭೂತಬಲಿ, ಪುಷ್ಪದಂತ ಎಂಬ ಹೆಸರುಗಳು ಬಂದವೆಂದು ಪರಂಪರೆ ಹೇಳುತ್ತದೆ. ಗುರುಗಳ ಆಜ್ಞೆಯಂತೆ ಹೊರಟ ಇಬ್ಬರೂ ಅಂಕಲೇಶ್ವರದಲ್ಲಿ ಚಾತುರ್ಮಾಸ ಕಳೆದರು. ನಂತರ ಭೂತಬಲಿಗಳು ದ್ರಮಿಳ ದೇಶಕ್ಕೂ ಪುಷ್ಪದಂತರು ಬನವಾಸಿಗೂ ಬಂದರು.

ಬನವಾಸಿಯ 177 ಸೂತ್ರಗಳು

ಪುಷ್ಪದಂತರು ಜಿನಪಾಲಿತನಿಗೆ ದೀಕ್ಷೆ ಕೊಟ್ಟು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ ಕಲಿಸಿದರು. ನಮ್ಮ ಮನೆಗಳಲ್ಲಿ ಮಕ್ಕಳು ಮೊದಲು ಕಲಿಯುವ ಪಂಚನಮಸ್ಕಾರ ಮಂತ್ರವೇ ಈ ಗ್ರಂಥದ ಮಂಗಲಾಚರಣೆ. ಗುಣಸ್ಥಾನ ಮತ್ತು ಮಾರ್ಗಣೆಗಳ ಮೂಲಕ ಜೀವದ ವಿಚಾರವನ್ನು ಈ ಸೂತ್ರಗಳು ತಿಳಿಸುತ್ತವೆ.

ತಮ್ಮ ಆಯುಷ್ಯ ಅಲ್ಪವೆಂದು ಅರಿತ ಆಚಾರ್ಯರು ಬರೆದಷ್ಟನ್ನು ಜಿನಪಾಲಿತರ ಮೂಲಕ ಭೂತಬಲಿಗಳಿಗೆ ಕಳುಹಿಸಿದರು. ಗ್ರಂಥ ತಮ್ಮೊಬ್ಬರ ಹೆಸರಿನಲ್ಲೇ ಮುಗಿಯಬೇಕೆಂಬ ಆಸೆ ಅವರಿಗಿರಲಿಲ್ಲ. ಜೊತೆಯಲ್ಲಿ ಕುಳಿತು ಅದೇ ಉಪದೇಶವನ್ನು ಕೇಳಿದ ಇನ್ನೊಬ್ಬರು ಇದ್ದಾರೆ ಎಂಬುದೇ ಅವರ ಧೈರ್ಯ. ಭೂತಬಲಿಗಳು ಸೂತ್ರಗಳನ್ನು ನೋಡಿ, ಸಹಪಾಠಿಯ ಆಯುಷ್ಯದ ವಿಷಯ ತಿಳಿದು, ಮುಂದಿನ ಭಾಗವನ್ನೆಲ್ಲ ರಚಿಸಿ ಆರು ಖಂಡಗಳನ್ನು ಪೂರ್ಣಗೊಳಿಸಿದರು. ಜ್ಯೇಷ್ಠ ಶುಕ್ಲ ಪಂಚಮಿಯಂದು ಚತುರ್ವಿಧ ಸಂಘದೊಡನೆ ಆ ಗ್ರಂಥದ ಪೂಜೆ ನಡೆಯಿತು. ಬಳಿಕ ಅದು ಜಿನಪಾಲಿತರ ಕೈಯಲ್ಲಿ ಪುಷ್ಪದಂತರನ್ನು ತಲುಪಿತು. ತಾವು ಆರಂಭಿಸಿದ್ದು ಪೂರ್ಣವಾದುದನ್ನು ಕಂಡು ಅವರು ಸಂತೋಷದಿಂದ ಶ್ರುತಪೂಜೆ ಮಾಡಿದರೆಂದು ಶ್ರುತಾವತಾರ ತಿಳಿಸುತ್ತದೆ.

ಇಂದಿಗೂ ಉಳಿದ ಶ್ರುತ

ಈ ಆಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಧವಲಾ ಟೀಕೆಯನ್ನು ಮುಗಿಸಿದರು. ಅದರ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿಸಲ್ಪಟ್ಟವು. ಡಾ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ 1958ರವರೆಗೆ ಧವಲಾ 16 ಸಂಪುಟಗಳಾಗಿ ಅಚ್ಚಾಯಿತು.

ಶ್ರಾವಕ ಎಂಬ ಮಾತಿನ ಅರ್ಥವೇ ಕೇಳುವವನು ಎಂದು. ಬಸದಿಯಲ್ಲಿ ಪ್ರವಚನ ನಡೆಯುವಾಗ, ಮನೆಯಲ್ಲಿ ಹಿರಿಯರು ವ್ರತಕಥೆ ಹೇಳುವಾಗ, ಮಗು ಬಂದು ಏನೋ ತೊದಲುವಾಗ ಮಾತು ನಿಲ್ಲಿಸಿ ಕಿವಿಗೊಡುವುದು ಆ ಹೆಸರಿಗೆ ಸಲ್ಲುವ ನಡತೆ. ಶ್ರುತ ಪಂಚಮಿಯಂದು ಶಾಸ್ತ್ರಕ್ಕೆ ಅರ್ಘ್ಯ ಎತ್ತಿದ ಮೇಲೆ, ಮನೆಮಂದಿಯೆಲ್ಲ ಕುಳಿತು ಒಂದು ಅಧ್ಯಾಯವನ್ನಾದರೂ ಒಬ್ಬರು ಓದಿ ಉಳಿದವರು ಕೇಳಿದರೆ, ಅದು ಆಚಾರ್ಯ ಪುಷ್ಪದಂತರಿಗೆ ಸಲ್ಲಿಸುವ ನಿಜವಾದ ವಂದನೆ.