ಸುಟ್ಟುಹೋದ ಟಿಪ್ಪಣಿಗಳಿಂದ ಎದ್ದುಬಂದ ಹಳ್ಳಿ: ಪ್ರೊ. ಎಂ.ಎನ್. ಶ್ರೀನಿವಾಸ್

ಅರೇಹಳ್ಳಿ: ಚುನಾವಣೆಯ ಕಾಲ ಬಂತೆಂದರೆ ಅರೇಹಳ್ಳಿ, ಬೇಲೂರು, ಹಳೇಬೀಡುಗಳ ಹೋಟೆಲುಗಳಲ್ಲಿ ಕಾಫಿಯ ಲೋಟದ ಜೊತೆಗೇ ತಪ್ಪದೆ ಕೇಳಿಬರುವ ಮಾತು ‘ವೋಟ್ ಬ್ಯಾಂಕ್’. ಯಾವ ಊರಿನಲ್ಲಿ ಯಾವ ಜಾತಿ ಪ್ರಬಲ, ಯಾರ ಮಾತಿಗೆ ಎಷ್ಟು ಮತಗಳು ಬೀಳುತ್ತವೆ ಎಂಬ ಲೆಕ್ಕಾಚಾರ ಗೊತ್ತಿಲ್ಲದ ಮತದಾರನೇ ಇಲ್ಲಿಲ್ಲ. ಆದರೆ ವೋಟ್ ಬ್ಯಾಂಕ್, ಪ್ರಬಲ ಜಾತಿ ಎಂಬ ಈ ಎರಡು ಪರಿಭಾಷೆಗಳೂ ವಿದ್ವತ್ ಲೋಕದಿಂದ ನಾಡಿನ ನಾಲಗೆಗೆ ಇಳಿದದ್ದು ಮೈಸೂರು ಸೀಮೆಯ ಒಂದು ಪುಟ್ಟ ಹಳ್ಳಿಯ ಅಧ್ಯಯನದಿಂದ ಎಂಬುದನ್ನು ಬಲ್ಲವರು ವಿರಳ. ಆ ಅಧ್ಯಯನವನ್ನು ನಡೆಸಿದವರು ಮೈಸೂರಿನವರೇ ಆದ ಪ್ರೊ. ಎಂ.ಎನ್. ಶ್ರೀನಿವಾಸ್.

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಜನಿಸಿದ್ದು 1916ರ ನವೆಂಬರ್ 16ರಂದು, ಮೈಸೂರಿನ ಅಯ್ಯಂಗಾರ್ ಕುಟುಂಬವೊಂದರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದದ್ದೂ ಅದೇ ವರ್ಷದ ಜುಲೈನಲ್ಲಿ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಅವರ ತಂದೆ ಅರಕೆರೆ ಗ್ರಾಮವನ್ನು ತೊರೆದು ನಗರಕ್ಕೆ ಬಂದು ನೆಲೆಸಿದ್ದರು. ಕಾಲೇಜು ರಸ್ತೆಯಲ್ಲಿದ್ದ ಮನೆಯ ಮುಂಬಾಗಿಲು ಅಕ್ಷರಸ್ಥ ಬ್ರಾಹ್ಮಣರ ಕೇರಿಗೆ ತೆರೆದುಕೊಂಡರೆ, ಹಿತ್ತಲಿನ ಆಚೆ ಬಂಡಿಕೇರಿ ಇತ್ತು. ಅಲ್ಲಿದ್ದವರು ಹಳ್ಳಿಗಾಡಿನ ಜೀವನಕ್ರಮವನ್ನು ಬಿಡದ ಕುರುಬ ಸಮುದಾಯದವರು. ಅವರ ಊಟ, ಉಡುಗೆ, ಜಗಳ, ಹಬ್ಬ, ಸಾವಿನ ಆಚರಣೆ ಎಲ್ಲವೂ ಮನೆಯೊಳಗಿನ ಬದುಕಿಗಿಂತ ಬೇರೆ. ಕೆಲವೇ ಗಜಗಳ ಅಂತರದಲ್ಲಿ ಎರಡು ಲೋಕಗಳು ಇರಬಲ್ಲವೆಂಬ ಈ ಅರಿವು ಬಾಲಕನನ್ನು ಬೆಚ್ಚಿಬೀಳಿಸಿತು. ತಮ್ಮ ಮೊದಲ ಸಾಂಸ್ಕೃತಿಕ ಆಘಾತ ಹಿತ್ತಲಿನಲ್ಲಿಯೇ ಸಂಭವಿಸಿತೆಂದು ಅವರು ಮುಂದೆ ಬರೆದುಕೊಂಡರು.

ಅಂದಿನ ಮಹಾರಾಜ ಕಾಲೇಜು ಸಾಮಾನ್ಯ ವಿದ್ಯಾಸಂಸ್ಥೆಯಲ್ಲ. ಮನಶ್ಶಾಸ್ತ್ರ ವಿಭಾಗವನ್ನು 1924ರಲ್ಲಿ ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ತತ್ವಶಾಸ್ತ್ರ ವಿಭಾಗದ ಮುಂದಾಳತ್ವವನ್ನು ಎ.ಆರ್. ವಾಡಿಯಾ ವಹಿಸಿದ್ದರು. ಮನುಷ್ಯನ ನಡವಳಿಕೆಯನ್ನೂ ಸಮಾಜವನ್ನೂ ಶಾಸ್ತ್ರದ ಶಿಸ್ತಿನಿಂದ ನೋಡಬಹುದೆಂಬ ವಾತಾವರಣ ಅಲ್ಲಿತ್ತು. ಸಾಮಾಜಿಕ ತತ್ವಶಾಸ್ತ್ರದಲ್ಲಿ ಆನರ್ಸ್ ಪದವಿಯನ್ನು 1936ರಲ್ಲಿ ಮುಗಿಸಿದ ಶ್ರೀನಿವಾಸ್, ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ತೆರಳಿ ಪ್ರೊ. ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಮೈಸೂರು ಸಂಸ್ಥಾನದ ಕನ್ನಡ ಜಾತಿಗಳ ವಿವಾಹ ಮತ್ತು ಕುಟುಂಬ ಪದ್ಧತಿಗಳನ್ನು ಕುರಿತ ಅವರ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ತರುವಾಯ ಕೊಡವರ ಕುರಿತ ಸಂಶೋಧನೆಗೆ 1944ರಲ್ಲಿ ಡಾಕ್ಟರೇಟ್ ದೊರೆಯಿತು.

ಮರುವರ್ಷ ಆಕ್ಸ್‌ಫರ್ಡ್. ಅಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ, ತಾವು ಈಗಾಗಲೇ ಸಂಗ್ರಹಿಸಿದ್ದ ಕೊಡಗಿನ ಸಾಮಗ್ರಿಯನ್ನೇ ಶ್ರೀನಿವಾಸ್ ಹೊಸ ಕಣ್ಣಿನಿಂದ ನೋಡಬೇಕಾಯಿತು. ಐನ್‌ಮನೆ, ಒಕ್ಕ, ಕಾವೇರಿಯ ಆರಾಧನೆ, ಮಂಗಳಕಾರ್ಯಗಳು ಇವೆಲ್ಲ ಬಿಡಿಬಿಡಿ ವಿವರಗಳಾಗಿ ಉಳಿಯದೆ ಒಂದು ಸಮಾಜವನ್ನು ಹಿಡಿದಿಡುವ ಹೆಣಿಗೆಯಾಗಿ ಕಂಡವು. ಈ ಮಹಾಪ್ರಬಂಧ 1952ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ವಿದ್ವತ್ ಲೋಕದ ಗಮನ ಸೆಳೆದದ್ದು ಈ ಗ್ರಂಥದಿಂದಲೇ. ಕೆಳಗಿನ ಸ್ತರದ ಜಾತಿಯೊಂದು ಮಾಂಸ ಮದ್ಯಗಳನ್ನು ತ್ಯಜಿಸಿ, ಮೇಲುಜಾತಿಯ ಆಚಾರಗಳನ್ನು ಅನುಸರಿಸಿ, ಒಂದೆರಡು ತಲೆಮಾರುಗಳಲ್ಲಿ ಶ್ರೇಣಿಯಲ್ಲಿ ಮೇಲೇರಲು ಯತ್ನಿಸುತ್ತದೆ ಎಂಬುದು ಅದರ ತಿರುಳು. ಮೊದಲು ಈ ಪ್ರಕ್ರಿಯೆಯನ್ನು ಬ್ರಾಹ್ಮಣೀಕರಣವೆಂದು ಕರೆದಿದ್ದ ಅವರು, ಅನುಕರಣೆಗೆ ಮಾದರಿಯಾಗುವವರು ಎಲ್ಲೆಡೆಯೂ ಬ್ರಾಹ್ಮಣರೇ ಆಗಿರುವುದಿಲ್ಲವೆಂದು ಮನಗಂಡು ಹೆಸರನ್ನು ವಿಸ್ತರಿಸಿದರು. ಜಾತಿ ಎಂಬುದು ಮನುವಿನ ಕಾಲದಿಂದ ಅಲುಗದೆ ನಿಂತ ನಾಲ್ಕು ಮೆಟ್ಟಿಲುಗಳ ಸೋಪಾನವೆಂಬ ನಂಬಿಕೆಗೆ ಇದು ಬಲವಾದ ಪೆಟ್ಟು. ಹೀಗೆ ಮೇಲೇರುವ ಜಾತಿಗಳಲ್ಲಿ ಹೆಣ್ಣಿನ ಮೇಲಿನ ಕಟ್ಟುಪಾಡುಗಳು ಮತ್ತಷ್ಟು ಬಿಗಿಯಾಗುತ್ತವೆ ಎಂಬ ಅಂಶವನ್ನೂ ಅವರು ಗುರುತಿಸಿದ್ದರು. ಸಂಸ್ಕೃತೀಕರಣದ ಬಗ್ಗೆ ಮಾತನಾಡುವ ಹಲವರು ಈ ಅಂಶವನ್ನು ಮರೆಯುತ್ತಾರೆ.

ಪುಸ್ತಕದ ದೃಷ್ಟಿ ಬೇರೆ, ಕ್ಷೇತ್ರದ ದೃಷ್ಟಿ ಬೇರೆ ಎಂಬುದು ಶ್ರೀನಿವಾಸ್ ಅವರ ಇಡೀ ಜೀವನದ ಹಟ. ಆದರೆ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿ, ತಿಂಗಳುಗಟ್ಟಲೆ ಅಲ್ಲಿನವರ ನಡುವೆ ಬದುಕಿ ಮಾಡುವ ಅಧ್ಯಯನ ಅವರಿಗೆ ಅದುವರೆಗೆ ದಕ್ಕಿರಲಿಲ್ಲ. ರ್‍ಯಾಡ್‌ಕ್ಲಿಫ್ ಬ್ರೌನ್ ನಿವೃತ್ತರಾದ ಮೇಲೆ ಅವರ ಸ್ಥಾನಕ್ಕೆ ಬಂದ ಇವಾನ್ಸ್ ಪ್ರಿಚರ್ಡ್, ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕ ಹುದ್ದೆಯನ್ನು ನೀಡಿ, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಅವಕಾಶ ಕಲ್ಪಿಸಿದರು. ಆ ವರ್ಷ 1948.

ಆರಿಸಿಕೊಂಡ ಊರು ಬನ್ನೂರು ಸೀಮೆಯ ಕೊಡಗಹಳ್ಳಿ. ಮೈಸೂರಿನಿಂದ ಸುಮಾರು 22 ಮೈಲಿ. ತಮ್ಮ ಬರಹಗಳಲ್ಲಿ ಅದಕ್ಕೆ ರಾಂಪುರವೆಂಬ ಹೆಸರಿಟ್ಟರು. ಅಂದು ಅಲ್ಲಿದ್ದವರು 1523 ಮಂದಿ. 19 ಹಿಂದೂ ಜಾತಿಗಳ ಜೊತೆಗೆ ಮುಸಲ್ಮಾನರೂ ಇದ್ದರು. ಜನಸಂಖ್ಯೆಯಲ್ಲಿ ಅರ್ಧದಷ್ಟು ಒಕ್ಕಲಿಗರು. ಭೂಮಿಯಲ್ಲಿ ಅವರದೇ ಸಿಂಹಪಾಲು. ಊರಿನ ಪಟೇಲರ ಎತ್ತಿನ ಮನೆಯಲ್ಲಿ ಈ ಆಕ್ಸ್‌ಫರ್ಡ್ ವಿದ್ವಾಂಸನಿಗೆ ವಸತಿ ದೊರೆಯಿತು. ಒಂದು ಕಡೆ ದನಗಳ ಕೊಟ್ಟಿಗೆ, ಇನ್ನೊಂದು ಕಡೆ ಪುಸ್ತಕ, ಕ್ಯಾಮೆರಾ, ಟಿಪ್ಪಣಿಗಳ ರಾಶಿ. ಏಕಾಂತವೆಂಬುದು ಅಲ್ಲಿ ಕನಸಿನ ಮಾತು. ಊರಿನವರನ್ನು ಅವರು ಗಮನಿಸುವುದಕ್ಕಿಂತ ಹೆಚ್ಚಾಗಿ ಊರೇ ಅವರನ್ನು ಗಮನಿಸುತ್ತಿತ್ತು.

ಪಟೇಲರ ಆಶ್ರಯ ವರವೂ ಆಯಿತು, ಸಂಕೋಲೆಯೂ ಆಯಿತು. ಊರಿನ ಬಾಗಿಲುಗಳು ತೆರೆದದ್ದು ಆ ಹೆಸರಿನ ಬಲದಿಂದ. ಆದರೆ ಬ್ರಾಹ್ಮಣನಾಗಿ ಹುಟ್ಟಿದವನು ಬ್ರಾಹ್ಮಣನಂತೆಯೇ ನಡೆದುಕೊಳ್ಳಬೇಕೆಂಬ ನಿರೀಕ್ಷೆ ಎಲ್ಲರದು. ಪಟ್ಟಣದಲ್ಲಿ ಆಚಾರವನ್ನು ಹಗುರವಾಗಿ ಕಂಡ ವ್ಯಕ್ತಿಯನ್ನು ಒಕ್ಕಲಿಗರ ಹಳ್ಳಿ ಮತ್ತೆ ಮಡಿ ಮೈಲಿಗೆಯ ಚೌಕಟ್ಟಿಗೆ ಎಳೆಯಿತು. ಹರಿಜನರ ಕೇರಿಗೂ ಮುಸಲ್ಮಾನರ ಬೀದಿಗೂ ಸಲೀಸಾಗಿ ಹೋಗಿಬರುವುದು ಸಾಧ್ಯವಾಗಲಿಲ್ಲ. ರಾಂಪುರದ ಚಿತ್ರ ಮೇಲುಜಾತಿಯ ಜಗಲಿಯಿಂದ ಕಂಡ ಚಿತ್ರವಾಯಿತೆಂಬ ಟೀಕೆ ಮುಂದೆ ಬಂದಾಗ ಅದು ಆಧಾರರಹಿತವೇನೂ ಆಗಿರಲಿಲ್ಲ. ತಮ್ಮ ನೋಟಕ್ಕಿದ್ದ ಈ ಮಿತಿಯನ್ನು ಶ್ರೀನಿವಾಸ್ ಸ್ವತಃ ಬರೆದಿಟ್ಟಿದ್ದಾರೆ. ಆದರೂ ಕೇರಿಯ ಕಡೆಯಿಂದ ಅದೇ ಹಳ್ಳಿ ಹೇಗೆ ಕಾಣುತ್ತಿತ್ತು ಎಂಬ ಪ್ರಶ್ನೆಗೆ ಆ ಒಪ್ಪಿಗೆ ಉತ್ತರವಾಗುವುದಿಲ್ಲ.

ರಾಂಪುರದ ಅನುಭವದಿಂದ ಮೂಡಿದ್ದೇ ‘ಪ್ರಬಲ ಜಾತಿ’ಯ ವಿಚಾರ. ಸಂಖ್ಯಾಬಲ, ಭೂಮಿಯ ಒಡೆತನ, ರಾಜಕೀಯ ಶಕ್ತಿ ಇವು ಕೂಡಿದ ಜಾತಿ, ಆಚಾರದ ಶ್ರೇಣಿಯಲ್ಲಿ ತೀರಾ ಕೆಳಗಿರದಿದ್ದರೆ ಸಾಕು, ಊರಿನ ನ್ಯಾಯವನ್ನೂ ನಡೆಸುತ್ತದೆ, ಇತರರ ಬದುಕನ್ನೂ ನಿಯಂತ್ರಿಸುತ್ತದೆ ಎಂದು 1950ರ ದಶಕದ ಲೇಖನಗಳಲ್ಲಿ ಅವರು ವಿವರಿಸಿದರು. ಪೂಜೆಯಲ್ಲಿ ಬ್ರಾಹ್ಮಣ ಮುಂದಿದ್ದರೂ ಪಂಚಾಯಿತಿಯಲ್ಲಿ ತೀರ್ಪು ಹೇಳುವವನು ಗೌಡ. 1955ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಕಲನವೊಂದರಲ್ಲಿ ರಾಂಪುರವನ್ನು ಕುರಿತ ಅವರ ಲೇಖನ ‘ವೋಟ್ ಬ್ಯಾಂಕ್’ ಎಂಬ ಪದವನ್ನು ಬಳಕೆಗೆ ತಂದಿತು. ಅಂದು ಅದರ ಅರ್ಥ ಇಂದಿನದಲ್ಲ. ತನ್ನ ಒಕ್ಕಲುಗಳು, ಸಾಲಗಾರರು, ಆಶ್ರಿತರ ಮತಗಳನ್ನು ಒಟ್ಟಾಗಿ ಕೊಡಿಸಬಲ್ಲ ಹಳ್ಳಿಯ ಯಜಮಾನನೇ ಆ ಬ್ಯಾಂಕು. ಒಂದು ಸಮುದಾಯವನ್ನೇ ಇಡಿಯಾಗಿ ವೋಟ್ ಬ್ಯಾಂಕ್ ಎಂದು ಜರೆಯುವುದು ತರುವಾಯದ ರಾಜಕಾರಣಿಗಳ ಕೊಡುಗೆ.

ಬೇಲೂರು ತಾಲ್ಲೂಕಿನ ಮಲೆನಾಡಿಗೆ ಈ ವಿಚಾರಗಳನ್ನು ಹಾಗೆಯೇ ಹೊಂದಿಸುವುದು ಕಷ್ಟ. ರಾಂಪುರ ನೀರಾವರಿಯ ಬಯಲುಸೀಮೆಯ ಊರು. ಮನೆಗಳು ಒತ್ತೊತ್ತಾಗಿ ನಿಂತ ಊರು. ಅರೇಹಳ್ಳಿಯ ಸುತ್ತಲಿನದು ಕಾಫಿ ತೋಟಗಳ, ಕೂಲಿ ಲೈನುಗಳ, ಪರಸ್ಥಳಗಳಿಂದ ಬಂದು ನೆಲೆಸಿದ ಕಾರ್ಮಿಕರ ಲೋಕ. ಇಲ್ಲಿ ಪ್ರಾಬಲ್ಯದ ಲೆಕ್ಕ ಗದ್ದೆಯ ಎಕರೆಗಳಲ್ಲಿ ಮಾತ್ರ ಮುಗಿಯದು. ಆದರೂ ಜಾತಿ, ನೆಲ, ಅಧಿಕಾರಗಳನ್ನು ಒಂದೇ ನೋಟದಲ್ಲಿ ಹಿಡಿಯಬೇಕೆಂಬ ಅವರ ವಿಧಾನ ಇಲ್ಲಿಗೂ ಸಲ್ಲುತ್ತದೆ.

ಶ್ರೀನಿವಾಸ್ 1951ರಲ್ಲಿ ಆಕ್ಸ್‌ಫರ್ಡಿನ ಹುದ್ದೆಯನ್ನು ಬಿಟ್ಟು ಬರೋಡಾದ ಎಂ.ಎಸ್. ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕರಾದರು. 1957ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷ ಭಾಷಣದಲ್ಲಿ, ಪ್ರಜಾಪ್ರಭುತ್ವ ಬಂದ ಮೇಲೆ ಜಾತಿ ಕ್ಷೀಣಿಸುವ ಬದಲು ಹೊಸ ಶಕ್ತಿ ಪಡೆಯುತ್ತಿದೆ ಎಂದು ವಾದಿಸಿದರು. ಜಾತಿ ಇನ್ನೇನು ಅಳಿಯಿತೆಂದು ಭಾವಿಸಿದ್ದ ಅಂದಿನ ಸುಶಿಕ್ಷಿತರಿಗೆ ಈ ಮಾತು ರುಚಿಸಲಿಲ್ಲ. ಅದೇ ವರ್ಷ ನಡೆದ ಎರಡನೇ ಮಹಾಚುನಾವಣೆ ಅವರ ಮಾತನ್ನು ಸಮರ್ಥಿಸಿತು. 1959ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಎ.ಎಂ. ಶಾ, ಆಂದ್ರೆ ಬೆತೆಯ್, ವೀಣಾ ದಾಸ್ ಮೊದಲಾದವರು ಅವರ ಬಳಿ ಪಳಗಿದವರು.

ಇದರ ನಡುವೆ ರಾಂಪುರದ ಸಮಗ್ರ ಗ್ರಂಥ ಮಾತ್ರ ಮುಂದೂಡಲ್ಪಡುತ್ತಲೇ ಇತ್ತು. ವಿಭಾಗ ಕಟ್ಟುವ ಕೆಲಸ, ಆಡಳಿತ, ವಿದ್ಯಾರ್ಥಿಗಳು. ಬರೆಯಲು ಬಿಡುವೇ ಇಲ್ಲ. ಆದರೂ 1948ರ ಮತ್ತು 1952ರ ಭೇಟಿಗಳ ಟಿಪ್ಪಣಿಗಳನ್ನು ಹದಿನೆಂಟು ವರ್ಷಗಳ ಅವಧಿಯಲ್ಲಿ ವಿಂಗಡಿಸಿ, ವಿಶ್ಲೇಷಿಸಿ, ಮೂರು ಪ್ರತಿಗಳಾಗಿ ಸಿದ್ಧಪಡಿಸಿದ್ದರು. ಕಡೆಗೂ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿರುವ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಿಂದ ಆಹ್ವಾನ ಬಂತು. ಮೂರೂ ಪ್ರತಿಗಳೊಂದಿಗೆ ಅಲ್ಲಿಗೆ ತೆರಳಿದ ಶ್ರೀನಿವಾಸ್ ಬರವಣಿಗೆಗೆ ಕುಳಿತರು.

ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾನಿಲಯಗಳು ಕುದಿಯುತ್ತಿದ್ದ ಕಾಲವದು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಕೇಂದ್ರಕ್ಕೆ ಬೆಂಕಿಯಿಟ್ಟರು. ಶ್ರೀನಿವಾಸ್ ಅವರ ಕೊಠಡಿ ಸುಟ್ಟುಹೋಯಿತು. ಒಂದೇ ಕಡೆ ಇರಿಸಿದ್ದ ಮೂರು ಪ್ರತಿಗಳೂ ಬೆಂಕಿಗೆ ಆಹುತಿಯಾದವು. ಯುದ್ಧಕ್ಕೂ ರಾಂಪುರಕ್ಕೂ ಎಲ್ಲಿಯ ಸಂಬಂಧ? ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಸುರಕ್ಷಿತವಾಗಿದ್ದವು ನಿಜ. ಆದರೆ ಹದಿನೆಂಟು ವರ್ಷಗಳ ಚಿಂತನೆಯ ಫಲ ಉರಿದುಹೋಗಿತ್ತು. ಐವತ್ತಮೂರರ ವಯಸ್ಸಿನಲ್ಲಿ ಅದನ್ನು ಮತ್ತೆ ಮೊದಲಿನಿಂದ ಮಾಡುವ ಧೈರ್ಯ ಯಾರಿಗೆ ತಾನೇ ಇದ್ದೀತು?

ಆ ಸಮಯದಲ್ಲಿ ಕೈಹಿಡಿದವರು ಷಿಕಾಗೊದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. ಟಿಪ್ಪಣಿಗಳ ಹಂಗಿಲ್ಲದೆ, ನೆನಪಿನ ಬಲದಿಂದಲೇ ಹಳ್ಳಿಯನ್ನು ಬರೆಯುವಂತೆ ಅವರು ಹುರಿದುಂಬಿಸಿದರು. ಅಂಕಿ ಅಂಶಗಳನ್ನು ನೆಚ್ಚಿದ ಶಾಸ್ತ್ರಜ್ಞನಿಗೆ ಇದು ವಿಚಿತ್ರ ಸಲಹೆ. ಆದರೂ ಶ್ರೀನಿವಾಸ್ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ಹೇಳತೊಡಗಿದರು. ಇಪ್ಪತ್ತೆರಡು ವರ್ಷಗಳ ಹಿಂದಿನ ಗದ್ದೆ, ಜಗಲಿ, ನ್ಯಾಯಪಂಚಾಯಿತಿ, ಗಂಭೀರ ಸ್ವಭಾವದ ಪಟೇಲರು, ಊರಿನ ಸಕಲ ಸುದ್ದಿಯನ್ನೂ ಹೊತ್ತು ತರುತ್ತಿದ್ದ ಕುಳ್ಳೇಗೌಡ ಎಲ್ಲರೂ ಒಬ್ಬೊಬ್ಬರಾಗಿ ಎದ್ದುಬಂದರು. ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥ 1976ರಲ್ಲಿ ಹೊರಬಂತು. ಜನರು ಅದರಲ್ಲಿ ಕೋಷ್ಟಕಗಳಾಗಿ ಅಲ್ಲ, ಕಾದಂಬರಿಯ ಪಾತ್ರಗಳಂತೆ ಉಸಿರಾಡಿದರು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಗೆಳೆತನದ ಪ್ರಭಾವ ಇದರಲ್ಲಿ ಇದ್ದೀತೆಂದು ಊಹಿಸಿದರೆ ತಪ್ಪಾಗಲಾರದು. ನೆನಪಿನಿಂದ ಬರೆದದ್ದು ವಿಜ್ಞಾನವಾದೀತೆ ಎಂದು ಕೆಲವು ಪಂಡಿತರು ಮೂಗು ಮುರಿದರು. ಓದುಗರು ಆ ಚರ್ಚೆಗೆ ಕಾಯಲಿಲ್ಲ.

ಅಷ್ಟರಲ್ಲಿ ಅವರು ಕರ್ನಾಟಕಕ್ಕೆ ಮರಳಿದ್ದರು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಜಂಟಿ ನಿರ್ದೇಶಕರಾಗಿ ಶ್ರೀನಿವಾಸ್ ಸೇರಿದರು. ಅದೇ ವರ್ಷ ದೇವರಾಜ ಅರಸು ಮುಖ್ಯಮಂತ್ರಿಯಾದರು, ಹಾವನೂರು ಆಯೋಗ ರಚನೆಯಾಯಿತು. ಪುಸ್ತಕಗಳಲ್ಲಿ ಚರ್ಚೆಯಾಗುತ್ತಿದ್ದ ಪ್ರಬಲ ಜಾತಿಯ ಪ್ರಶ್ನೆ ವಿಧಾನಸೌಧದ ಅಂಗಳಕ್ಕೇ ಬಂದು ನಿಂತಿತ್ತು.

ಹಕ್ಸ್‌ಲಿ ಸ್ಮಾರಕ ಪದಕ 1976ರಲ್ಲಿಯೂ ಪದ್ಮಭೂಷಣ 1977ರಲ್ಲಿಯೂ ಅವರಿಗೆ ಸಂದವು. ಹಕ್ಸ್‌ಲಿ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಭಾರತೀಯ ಮಹಿಳೆಯರ ಬದಲಾಗುತ್ತಿರುವ ಸ್ಥಾನಮಾನ. 1984ರಲ್ಲಿ ವರದಕ್ಷಿಣೆಯ ಕುರಿತು ಬರೆದರು. ಕೊನೆಯ ವರ್ಷಗಳನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕಳೆದರು. ಇಪ್ಪತ್ತನೆಯ ಶತಮಾನದಲ್ಲಿ ಜಾತಿ ತಳೆದ ಹೊಸ ಅವತಾರವನ್ನು ಕುರಿತು ಅವರು ಸಂಪಾದಿಸಿದ ಗ್ರಂಥ 1996ರಲ್ಲಿ ಪ್ರಕಟವಾಯಿತು. ಆಗ ಅವರಿಗೆ ಎಂಬತ್ತರ ಸನಿಹ. ಎಂಬತ್ತಮೂರು ತುಂಬಿದ ಎರಡು ವಾರಗಳ ನಂತರ, 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಅಂಕಿ ಅಂಶಗಳೊಂದಿಗೆ ಬರೆಯಬೇಕೆಂದಿದ್ದ ರಾಂಪುರದ ಆ ಮೊದಲ ಗ್ರಂಥವನ್ನು ಅವರು ಕೊನೆಗೂ ಬರೆಯಲಿಲ್ಲ.